ಫಾರಂನಲ್ಲಿ ಬರೆಯದ ಕೈಕೆಲಸ

೧೯೯೦ರ ಮೊದಲ ತಿಂಗಳುಗಳಲ್ಲಿ ನಾನು ಕುವೈತ್ ಸಿಟಿಯ ಒಂದು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಸಹಾಯಕಿಯಾಗಿದ್ದೆ. ಅಲ್ಲಿ ಈಜಿಪ್ಟಿನ ಎಂಜಿನಿಯರ್ ಒಬ್ಬರು ಕಂಪ್ಯೂಟರಿನೊಳಗೆ ಒಂದು ಕೈ ಮಾಡಿಟ್ಟಿದ್ದರು. ಬೆರಳು ಹೀಗೆ ಮಡಚಿದರೆ ಯಾವ ಸ್ನಾಯು ಎಷ್ಟು ಎಳೆಯುತ್ತದೆ ಎಂದು ಅದು ಹೇಳುತ್ತಿತ್ತು. ಹೇಳಿದ್ದು ನಿಜವೋ ಅಲ್ಲವೋ ಎಂದು ನೋಡಲು ಬದುಕಿರುವ ಕೈಗಳು ಬೇಕಲ್ಲ? ಮೊಣಕೈ ಕೆಳಗೆ ತಂತಿಗಳನ್ನು ಅಂಟಿಸಿಕೊಂಡು, ಒಂದು ಕೀಲಿಕೈಯನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಡಿದರಾಯಿತು. ಐದು ಜನ ಕೈ ಕೊಟ್ಟರು, ಆರನೆಯವಳು ನಾನು.

ಫಾರಂನಲ್ಲಿ ಒಂದು ಸಾಲಿತ್ತು: ಮೊದಲು ಮಾಡಿದ ಕೈಕೆಲಸ. 'ಇಲ್ಲ' ಎಂದು ಬರೆದೆ.

ನಾನು ಎಂಟನೇ ವಯಸ್ಸಿನಿಂದ ಹನ್ನೊಂದು ವರ್ಷ ಬೀಡಿ ಕಟ್ಟಿದವಳು. ಕಾಲೇಜಿನ ಫೀಸು ಆ ಬೆರಳುಗಳಿಂದಲೇ ಬಂದದ್ದು. ಆದರೆ ಕುವೈತಿನ ಹವಲ್ಲಿ ಬಡಾವಣೆಯ ನಮ್ಮ ಮನೆಗೆ ಬಂದ ಮೊದಲ ವಾರವೇ ನನ್ನ ಗಂಡ ಹೇಳಿದ್ದರು: "ಬೀಡಿ ಕಟ್ತಿದ್ದೆ ಅಂತ ಇಲ್ಲಿ ಯಾರ ಹತ್ರವೂ ಹೇಳ್ಬೇಡ ಮಾರಾಯ್ತಿ. ನಮ್ಮೂರಿನವರೇ ತುಂಬ ಇದ್ದಾರೆ." ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅವತ್ತು ಸುಮ್ಮನಾದೆ, ಯಾಕೆಂದರೆ ನನಗೂ ನಾಚಿಕೆಯಿತ್ತು.

ಐದು ಕೈಗಳಿಗೆ ಕಂಪ್ಯೂಟರ್ ಹೇಳಿದ್ದು ತಾಳೆಯಾಯಿತು. ನನ್ನದಕ್ಕೆ ಆಗಲಿಲ್ಲ. ಕೀಲಿಕೈ ಹಿಡಿದರೆ ಸಾಕು, ಏನೂ ಕೆಲಸವಿಲ್ಲದ ಉಂಗುರದ ಬೆರಳು, ಕಿರುಬೆರಳುಗಳ ಸ್ನಾಯುಗಳು ಬಿಗಿಯುತ್ತಿದ್ದವು.

"ನಿಮ್ಮ ಕೈಯಲ್ಲಿ ತಪ್ಪಿರಲಾರದು ಸಿಸ್ಟರ್. ನನ್ನ ಮಾಡೆಲ್ಲೇ ತಪ್ಪು," ಎಂದರು ಎಂಜಿನಿಯರ್. ನನ್ನ ಕೈಗೆ ಹೊಂದಿಸಿದರೆ ಉಳಿದ ಐದೂ ಕೆಡುತ್ತಿದ್ದವು. ಮೂರು ವಾರ ಊಟ ಬಿಟ್ಟು ತಿದ್ದಿದರು. ತಿಂಗಳ ಕೊನೆಗೆ ಅದನ್ನು ಮೇಲಿನವರಿಗೆ ತೋರಿಸಬೇಕು, ಸರಿಬಾರದಿದ್ದರೆ ಅವರ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಮುಂದುವರಿಯುವುದಿಲ್ಲ, ಗಂಟುಮೂಟೆ ಕಟ್ಟಬೇಕು. ಅವರ ಬತ್ತಿದ ಮುಖ ನೋಡಿದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಒಂದು ಮಧ್ಯಾಹ್ನ ಇನ್ನು ತಡೆಯಲಾಗಲಿಲ್ಲ. ಮಾತಾಡಿ ಅಭ್ಯಾಸವಿಲ್ಲದ ವಿಷಯ, ಮಾಡಿಯೇ ತೋರಿಸೋಣ ಎಂದುಕೊಂಡೆ. ಕಂದು ಲಕೋಟೆಯನ್ನು ಎಲೆಯ ಅಳತೆಗೆ ಕತ್ತರಿಸಿದೆ. ಹೊಗೆಸೊಪ್ಪಿನ ಬದಲು ಚಹಾಪುಡಿ ಹಾಕಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿದೆ. ಹದಿಮೂರು ವರ್ಷ ಮುಟ್ಟದ ಕೆಲಸ, ಬೆರಳು ಒಮ್ಮೆಯೂ ತಡವರಿಸಲಿಲ್ಲ. ಉಂಗುರದ ಬೆರಳು, ಕಿರುಬೆರಳು ತಾವಾಗಿಯೇ ಬಿಗಿದು ಸುರುಳಿಯನ್ನು ಹಿಡಿದುಕೊಂಡವು.

"ಹನ್ನೊಂದು ವರ್ಷ ಇದನ್ನೇ ಮಾಡಿದೆ ಸರ್. ಫಾರಂನಲ್ಲಿ ಸುಳ್ಳು ಬರೆದೆ."

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೀಡಿಯನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನ ಫಾರಂ ತೆಗೆದು ಮುಂದಿಟ್ಟು, "ನೀವೇ ತಿದ್ದಿ" ಎಂದರು. ತಿದ್ದಿದೆ. ನನ್ನ ಕೈಯನ್ನು ಕೈಕೆಲಸದಲ್ಲಿ ಪಳಗಿದವರ ಬೇರೆ ಗುಂಪಿಗೆ ಸೇರಿಸಿದ ಮೇಲೆ ಮಾಡೆಲ್ ಸರಿಬಂತು, ಅವರ ಇಕಾಮಾವೂ ಉಳಿಯಿತು. ಮನೆಯಲ್ಲಿ ಮಾತ್ರ ನಾನು ಈ ವಿಷಯ ಎತ್ತಲಿಲ್ಲ.

ಆಗಸ್ಟ್‌ನಲ್ಲಿ ಇರಾಕಿನ ಸೈನ್ಯ ಬಂತು. ಆ ಕಂಪ್ಯೂಟರ್ ಏನಾಯಿತೋ, ಎಂಜಿನಿಯರ್ ಎಲ್ಲಿಗೆ ಹೋದರೋ ತಿಳಿಯದು. ನಾವಿಬ್ಬರೂ ಜೋರ್ಡಾನ್ ದಾರಿಯಾಗಿ ಎರಡು ಚೀಲದೊಂದಿಗೆ ಊರು ಸೇರಿದೆವು.

ಮರುವರ್ಷ, ಕುವೈತಿನಿಂದ ವಾಪಸಾದವರ ಹೆಸರು ಬರೆದುಕೊಳ್ಳುವ ಕಚೇರಿಯೊಂದರಲ್ಲಿ ನಮ್ಮಿಬ್ಬರಿಗೂ ಒಂದೊಂದು ಫಾರಂ ಕೊಟ್ಟರು. ಅದರಲ್ಲೂ ಅಂಥದೇ ಸಾಲು: ಗೊತ್ತಿರುವ ಕೆಲಸ. ಫಿಸಿಯೋಥೆರಪಿ ಸಹಾಯಕಿ ಎಂದು ಬರೆದು, ಪಕ್ಕದಲ್ಲಿ 'ಬೀಡಿ ಕಟ್ಟುವುದು, ಹನ್ನೊಂದು ವರ್ಷ' ಎಂದು ಸೇರಿಸಿದೆ. ಗಂಡ ಪಕ್ಕದಿಂದ ಓದುತ್ತಿದ್ದುದು ಗೊತ್ತಾಗುತ್ತಿತ್ತು. ಏನಾದರೂ ಅಂದರೆ ಅಲ್ಲೇ ಜಗಳಕ್ಕೆ ನಿಲ್ಲುವವಳಿದ್ದೆ.

ಅವರು ಪೆನ್ನು ಎತ್ತಿಕೊಂಡರು. ತಮ್ಮ ಫಾರಂನಲ್ಲಿ 'ಎಲೆಕ್ಟ್ರಾನಿಕ್ಸ್ ಅಂಗಡಿ' ಎಂದು ಬರೆದಿದ್ದರ ಮುಂದೆ ನಿಧಾನವಾಗಿ ಬರೆದರು: ಬೀಡಿ ಕಟ್ಟುವುದು, ಏಳು ವರ್ಷ.

ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ನನಗೆ ಹೇಳಿರಲೇ ಇಲ್ಲ.