ಮಾದಣ್ಣ ಚೆಲ್ಲಿದ ನಲವತ್ತೊಂದು ಮಾತು

ಆಯುಧಪೂಜೆಯ ಹಿಂದಿನ ದಿನ ಗುಂಡ್ಲುಪೇಟೆಯ ಮಹಿಳಾ ಒಕ್ಕೂಟದ ಕಚೇರಿಯನ್ನು ಫ್ಯಾನಿನ ರೆಕ್ಕೆಯಿಂದ ಮೆಟ್ಟಿಲವರೆಗೂ ಚೊಕ್ಕ ಮಾಡಿದವನು ಅಟೆಂಡರ್ ಮಾದಣ್ಣ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕಂಪ್ಯೂಟರೂ ಆಯುಧವೇ ತಾನೆ? ಅದರ ಒಳಗನ್ನೂ ಗುಡಿಸಿದ.

ಒಕ್ಕೂಟದ ಟೈಪಿಂಗ್ ನೋಡಿಕೊಳ್ಳುವ ರಂಜಿನಿ ಬಂದು ಫೋಲ್ಡರ್ ತೆರೆದರೆ ಖಾಲಿ.

“ಮಾದಣ್ಣ, ಇಲ್ಲಿದ್ದ ಫೈಲೆಲ್ಲ ಎಲ್ಲೋದ್ವು?”

“ಟೈಪಿಂಗ್ ಮುಗೀತು ಅಂದಲ್ಲ ನೀನು. ಮುಗುದ್ ಕೆಲ್ಸ ಅಂತ ತಗುದ್ಬುಟ್ಟೆ ಕಣಮ್ಮಿ.”

“ರೀಸೈಕಲ್ ಬಿನ್ನಲ್ಲೂ ಇಲ್ವಲ್ಲ!”

“ಕಸದ್ ಬುಟ್ಟಿ ತುಂಬ್ಕಂಡು ಪೂಜೆ ಮಾಡಕಾಯ್ತದಾ? ಅದ್ನೂ ಚೆಲ್ಬುಟ್ಟೆ.”

ಚೆಲ್ಲಿದ್ದು ಕಸವಲ್ಲ, ಹಂಗಳದ ಆಚೆಯ ನಾಲ್ಕು ಊರುಗಳ ನಲವತ್ತೊಂದು ಹೆಂಗಸರ ಹೇಳಿಕೆ. ಪೇಟೆಯ ಮನೆ, ಹೋಟೆಲುಗಳಿಗೆ ಕೆಲಸಕ್ಕೆ ಹೋಗುವ ಇವರು ಬೆಳಗಿನ ಜಾವಕ್ಕೇ ಎದ್ದು, ಆನೆಯ ಸುಳಿವು ನೋಡಿಕೊಂಡು ರಸ್ತೆಗೆ ಬಂದರೆ, ಬಸ್ಸು ನಿಲ್ಲದೆ ಹೊರಟುಹೋಗುತ್ತದೆ. ಸಾರಿಗೆ ಸಂಸ್ಥೆಯ ಕಾಗದ ಮಾತ್ರ ‘ಈ ನಿಲುಗಡೆಯಲ್ಲಿ ಪ್ರಯಾಣಿಕರೇ ಇಲ್ಲ’ ಎನ್ನುತ್ತದೆ. ನಿಲ್ಲದ ಬಸ್ಸಿಗೆ ಹತ್ತುವುದು ಹೇಗೆ ಸ್ವಾಮಿ, ಹಾರಿ ಕಿಟಕಿ ಹಿಡಿಯಬೇಕೆ? ಆ ದಿನ ಮೂರು ಗಂಟೆಗೆ ಸಾರಿಗೆ ಸಾಹೇಬರ ಮುಂದೆ ವಿಚಾರಣೆ. ಹೇಳಿಕೆಗಳು ಸಾಹೇಬರ ಮೇಜಿಗೆ ಬಾರದಿದ್ದರೆ ನಿಲುಗಡೆ ರದ್ದು.

ರಂಜಿನಿ ಹಂಗಳದವಳು. ಪಿಯುಸಿ ಮುಗಿಸಿ ಚಾಮರಾಜನಗರದ ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ನಿಂತವಳು. ಕಂಪ್ಯೂಟರ್ ವಿದ್ಯೆಯನ್ನು ಬಸ್ಸಿನಲ್ಲಿ ಕೂತು ಫೋನಿನಲ್ಲೇ ಕಲಿತಳು. ಒಕ್ಕೂಟದ ಬರಹಗಳನ್ನೆಲ್ಲ ಗಿಟ್ ಎಂಬ ತಂತ್ರಾಂಶದಲ್ಲಿ ಇಡುತ್ತಿದ್ದಳು. ಬರೆದದ್ದನ್ನು ಹೇಳಿದವರಿಗೇ ಫೋನಿನಲ್ಲಿ ಓದಿ ಒಪ್ಪಿಸುವುದು ಅವಳ ಪದ್ಧತಿ. ಒಪ್ಪಿದ ಮೇಲೆ ಆ ಫೈಲು ‘ಸ್ಟೇಜಿ’ಗೆ, ಎಂದರೆ ಗಿಟ್ ತನ್ನೊಳಗೆ ಒಂದು ಪ್ರತಿ ಇಟ್ಟುಕೊಳ್ಳುವ ಜಾಗಕ್ಕೆ. ಎಲ್ಲವೂ ಸೇರಿದ ಮೇಲೆ ‘ಕಮಿಟ್’ ಎಂಬ ಕೊನೆಯ ಮುದ್ರೆ. ಅದನ್ನು ಒತ್ತಲೆಂದೇ ಅವಳು ಈ ದಿನ ಬಂದದ್ದು.

ಸುದ್ದಿ ಕೇಳಿ ಪಕ್ಕದ ಕಂಪ್ಯೂಟರ್ ಕ್ಲಾಸಿನ ರಘುನಾಥ ಬಂದ. ಗೋಡೆಯ ತುಂಬ ಸರ್ಟಿಫಿಕೇಟ್ ತೂಗುಹಾಕಿರುವ ಆಸಾಮಿ.

“ಕಮಿಟ್ ಮಾಡ್ದೆ ಇಟ್ಕಂಡಿದ್ರಾ? ಬುಡಿ, ಓಯ್ತು. ಹಾರ್ಡ್ ರಿಸೆಟ್ ಹೊಡ್ದು ಹಳೇದಕ್ಕೆ ಹೋಗನ.”

ಅವನ ಬೆರಳು ಕೀಲಿಗೆ ತಾಗುವ ಮೊದಲೇ ರಂಜಿನಿ ಕೀಬೋರ್ಡನ್ನು ಮಡಿಲಿಗೆ ಎಳೆದುಕೊಂಡಳು. “ಸಾರ್, ಹಂಗ್ ಮಾಡುದ್ರೆ ಸ್ಟೇಜಲ್ಲಿರೋದೂ ಅಳ್ಸೋಯ್ತದೆ. ಇವು ಹಳೇದ್ರಲ್ಲಿ ಇರ್ಲೇ ಇಲ್ಲ.”

ಫೈಲುಗಳ ಸ್ಥಿತಿ ಏನೆಂದು ಗಿಟ್ಟನ್ನೇ ಕೇಳಿದಳು. ನಲವತ್ತೊಂದು ಹೆಸರು ಹಸಿರಿನಲ್ಲಿ: ಸ್ಟೇಜಿನಲ್ಲಿವೆ. ಅದೇ ನಲವತ್ತೊಂದು ಕೆಂಪಿನಲ್ಲಿ: ಫೋಲ್ಡರಿನಲ್ಲಿಲ್ಲ. ‘ಗಿಟ್ ರಿಸ್ಟೋರ್’, ಎಂದರೆ ಮರಳಿಸು, ಎಂದು ಟೈಪಿಸಿ, ಮುಂದೆ ‘ಎಲ್ಲವನ್ನೂ’ ಎನ್ನುವ ಒಂದು ಚುಕ್ಕಿ ಇಟ್ಟು, ಎಂಟರ್ ಒತ್ತಿದಳು. ಖಾಲಿ ಫೋಲ್ಡರ್ ಒಂದೇ ಉಸಿರಿಗೆ ತುಂಬಿಕೊಂಡಿತು.

“ನಮ್ಮವ್ವ! ಚೆಲ್ಲಿದ್ದೂ ಬತ್ತದಾ?” ಎಂದ ಮಾದಣ್ಣ.

“ಎತ್ತಿಟ್ಟಿದ್ದು ಬತ್ತದೆ ಕಣಣ್ಣ. ಎತ್ತಿಟ್ಟಾದ್ಮೇಲೆ ತಿದ್ದುದ್ದು ಬರಲ್ಲ.”

ತಿದ್ದಿದ್ದು ಒಂದಿತ್ತು. ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಮಲ್ಲಾಜಮ್ಮ ಮೊದಲು ಬಸ್ಸು ‘ಏಳಕ್ಕೆ’ ಎಂದಿದ್ದವಳು, ಹಿಂದಿನ ಸಂಜೆ ಫೋನು ಮಾಡಿ ಬದಲಿಸಿದ್ದಳು. ಮರಳಿ ಬಂದ ಫೈಲಿನಲ್ಲಿ ಏಳೇ ಇತ್ತು. ಒಂದು ಹೊತ್ತು ತಪ್ಪಿದರೆ ಉಳಿದ ನಲವತ್ತೂ ಸುಳ್ಳು ಎನ್ನಲು ಸಾಹೇಬರಿಗೆ ಅಷ್ಟೇ ಸಾಕು. ಸರಿಯಾದ ಹೊತ್ತು ರಂಜಿನಿಗೆ ನೆನಪಿತ್ತು. ಆದರೂ ಇನ್ನೊಬ್ಬರ ಮಾತನ್ನು ತನ್ನ ನೆನಪಿನಿಂದ ಬರೆಯಲು ಮನಸ್ಸು ಒಪ್ಪದೆ ಫೋನು ಮಾಡಿದಳು.

“ಆರೂ ಮುಕ್ಕಾಲು ಕಣಮ್ಮಿ! ಎಷ್ಟ್ ಕಿತ ಏಳನೆ? ಬುಡು, ಮೂರ್ ಗಂಟ್ಗೆ ಸಾಯೇಬ್ರ ಮುಂದೆ ನಾನೇ ಬಂದ್ ಏಳ್ತೀನಿ.”

ರಂಜಿನಿ ಹೊತ್ತು ತಿದ್ದಿ, ಕಮಿಟ್ ಒತ್ತಿ, ಹಾಳೆಗಳನ್ನು ಮುದ್ರಿಸಿ ವಿಚಾರಣೆಗೆ ಒಯ್ದಳು. ಮಲ್ಲಾಜಮ್ಮನೂ ಅಲ್ಲಿಗೆ ಬಂದೇ ಬಂದಳು, ಕೈಯ ಈರುಳ್ಳಿ ವಾಸನೆಯ ಸಮೇತ. ಸಾಹೇಬರು ನಲವತ್ತೊಂದು ಹಾಳೆಯನ್ನೂ ತಿರುವಿದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಅವಳನ್ನೇ ಕೇಳಿದರು. ತಮ್ಮ ದಾಖಲೆಗೆ ತಾಳೆ ನೋಡಿದರು. ತಾಳೆಯಾಯಿತು. ನಿಲುಗಡೆ ಮುಂದುವರಿಯಲಿ, ಬಸ್ಸು ನಿಲ್ಲಲೇಬೇಕು ಎಂದು ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದರು.

ಮಲ್ಲಾಜಮ್ಮ ಜಾಗ ಬಿಟ್ಟು ಕದಲಲಿಲ್ಲ.

“ಸಂಜೆ ಬಸ್ಸೂ ಇಂಗೇ ಓಡೋಯ್ತದೆ ಸಾ. ಅದ್ನೂ ಬರ್ಕಳಿ.”

ಸಾಹೇಬರು ಮುಚ್ಚಳ ತೆಗೆದರು.