ಹೋರಿಯ ಮುಂದೆ ನಡೆದ ಮಾವನವರು

ನಮ್ಮ ಮಾವನವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಬಿಳಿ ಕಲೆಯಿತ್ತು. ಅಲ್ಲಿನ ಚರ್ಮ ಎಷ್ಟು ಗಟ್ಟಿಯಾಗಿತ್ತೆಂದರೆ ಸೂಜಿ ಚುಚ್ಚಿದರೂ ಅವರಿಗೆ ತಿಳಿಯುತ್ತಿರಲಿಲ್ಲ. ಬೀದರಿನ ನಮ್ಮ ಓಣಿಯ ಹೆಂಗಸರು ಅದನ್ನು ಸುಟ್ಟಗಾಯ ಎನ್ನುತ್ತಿದ್ದರು. ಹೌದು, ಥಂಡಿ ಸುಟ್ಟದ್ದು ಎಂದು ನಾನು ಹೇಳಿದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಅದೆಂಥ ಥಂಡಿ, ಅದರೊಳಗೆ ಏನಿಟ್ಟಿದ್ದರು ಎಂದು ಕೇಳಿಬಿಟ್ಟರೆ ಹೇಗೆ ಹೇಳುವುದೆಂದು ನಾನೇ ಮಾತು ಬದಲಿಸುತ್ತಿದ್ದೆ.

ಅವರು ಢೋರ ಡಾಕ್ಟರು. ನಮ್ಮ ಕಡೆ ದನದ ದವಾಖಾನೆಯ ಡಾಕ್ಟರನ್ನು ಹಾಗೇ ಕರೆಯುವುದು. ನಿಜಾಮರ ಕಾಲದಲ್ಲಿ ಉರ್ದು ಸಾಲಿಯಲ್ಲಿ ಓದಿ, ಆಗಲೇ ನೌಕರಿಗೆ ಸೇರಿದವರು. ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ಕಾಗದಗಳೆಲ್ಲ ಬೇರೆಯಾದವು, ಸಾಹೇಬರೂ ಬೇರೆಯಾದರು. ಮನೆಯಲ್ಲಿ ಆಡುತ್ತಿದ್ದ ಕನ್ನಡವನ್ನು ಬರೆಯಲು ಅವರು ಆ ವಯಸ್ಸಿನಲ್ಲಿ ಮಗನ ಸಾಲಿಯ ಪುಸ್ತಕ ಹಿಡಿದು ಅಕ್ಷರ ತಿದ್ದಿದರಂತೆ. ನಮ್ಮ ಅತ್ತೆ ಅದನ್ನು ಹೇಳಿ ಹೇಳಿ ನಗುತ್ತಿದ್ದರು. ಮಾವನವರು ಮಾತ್ರ ಚಹಾವನ್ನು ಬಸಿಗೆ ಸುರಿದು, ಆರಿಸಿ ಆರಿಸಿ ಕುಡಿಯುತ್ತ ಕೂತಿರುತ್ತಿದ್ದರು. ಯಾರ ಮುಖವನ್ನೂ ನೇರ ನೋಡಿ ಮಾತಾಡಿದವರಲ್ಲ.

ನಾನು ಸೊಸೆಯಾಗಿ ಬಂದ ಮೊದಲ ದಿನ ಚಹಾ ಕೊಡಲು ಹೋದಾಗ ತಲೆಯ ಮೇಲೆ ಸೆರಗು ಎಳೆದುಕೊಂಡೆ. ಅವರು ಬಸಿಯನ್ನೇ ನೋಡುತ್ತ ಹೇಳಿದರು:

"ನನ್ನ ಮುಂದ ಸೆರಗು ಹೊರಬ್ಯಾಡವ್ವ. ನಾ ಅದಕ್ಕ ಲಾಯಕ್ ಇಲ್ಲ."

ಮಾವ ಹೊಸ ಕಾಲದವರು ಎಂದು ನಾನು ಹಿಗ್ಗಿದೆ. ತವರಿಗೆ ಹೋದಾಗ, ಅಂದರೆ ಭಾಲ್ಕಿ ತಾಲೂಕಿನ ಮೆಹಕರಕ್ಕೆ ಹೋದಾಗ, ಎಲ್ಲರ ಮುಂದೆ ಇದನ್ನು ಹೇಳಿ ಮೆರೆದೆ. ನಮ್ಮ ಆಯಿ, ಅಪ್ಪನ ಅವ್ವ, ಒಬ್ಬಳೇ ತಲೆ ಎತ್ತದೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಳು.

ಮಾವನವರಿಗೆ ಆ ವರ್ಷಗಳಲ್ಲಿ ಒಂದೇ ಹುಚ್ಚು ಹತ್ತಿತ್ತು. ನಮ್ಮ ಸೀಮೆಯ ದೇವಣಿ ದನವನ್ನು ನೋಡಿದವರಿಗೆ ಹೇಳಬೇಕಾಗಿಲ್ಲ: ಬಿಳಿ ಮೈ, ಕರಿ ಮುಖ, ಜೋಲು ಕಿವಿ. ಹಾಲೂ ಕೊಡುತ್ತದೆ, ಕರಿನೆಲದಲ್ಲಿ ರಂಟೆಯನ್ನೂ ಎಳೆಯುತ್ತದೆ. ವಿಲಾಯತಿ ಹೋರಿಗಳ ಬೀಜ ಬಂದ ಮೇಲೆ ಊರ ಹೋರಿ ಸಾಕುವವರೇ ಕಡಿಮೆಯಾದರು. ಚೊಕ್ಕ ದೇವಣಿ ಹೋರಿ ಸಿಕ್ಕರೆ ಅದರ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡಬಹುದು, ಹೋರಿ ಸತ್ತು ಎಷ್ಟು ವರ್ಷವಾದರೂ ಅದರ ಕರು ಹುಟ್ಟಿಸಬಹುದು ಎಂದು ಮಾವನವರು ಎಲ್ಲಿಯೋ ಕಲಿತು ಬಂದಿದ್ದರು. ಮೇಲಿನವರನ್ನು ಕಾಡಿ ಬೇಡಿ ಅದಕ್ಕೆ ಬೇಕಾದ ಡಬ್ಬಿಯನ್ನೂ ತಂದರು. ಹಾಲಿನ ಕ್ಯಾನಿನಂಥ ಡಬ್ಬಿ. ಒಳಗೆ ಹೊಗೆಯಾಡುವ ದ್ರವ, ಬರ್ಫಕ್ಕಿಂತ ಎಷ್ಟೋ ಪಾಲು ತಣ್ಣಗಿನದು. ಡಬ್ಬಿ ಬಂತು, ಹೋರಿ ಇಲ್ಲ. ಔರಾದದ ಬಸ್ಸಿನಲ್ಲಿ ಹೋಗಿ ಹಳ್ಳಿ ಹಳ್ಳಿ ತಿರುಗಿ, ಸಂಜೆ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದರು. ಎಲ್ಲ ಬೆರಕೆ ಎನ್ನುತ್ತಿದ್ದರು.

ಚೊಕ್ಕ ಹೋರಿ ಇದ್ದದ್ದು ನಮ್ಮ ತವರುಮನೆಯಲ್ಲಿ. ನಾನೇ ಎರಡು ಮೂರು ಸಲ ಹೇಳಿದೆ. ಕೇಳಿಯೂ ಕೇಳಿಸದವರಂತೆ ಎದ್ದು ಹೋಗುತ್ತಿದ್ದರು. ಬೀಗರ ಮನೆಗೆ ಹೋಗಿ ಇಂಥದ್ದನ್ನು ಕೇಳಲು ಸಂಕೋಚ ಎಂದುಕೊಂಡೆ.

ನಾನು ಬಾಣಂತನಕ್ಕೆ ಮೆಹಕರದಲ್ಲಿದ್ದಾಗ ಅವರು ಒಂದು ದಿನ ಹೇಳದೆ ಕೇಳದೆ ಬಂದರು. ನೀರು ಕೊಟ್ಟರೆ ಕುಡಿಯಲಿಲ್ಲ, ಕಂಬಳಿ ಹಾಸಿದರೆ ಅಂಚಿನಲ್ಲಿ ಕೂತರು. ಗಂಡಿನ ತಂದೆ ಹೀಗೆ ಬಂದು ಬಾಯಿ ಬಿಡದೆ ಕೂತರೆ ಹೆಣ್ಣಿನ ಮನೆಯವರಿಗೆ ಇನ್ನೇನು ಹೊಳೆಯಬೇಕು? ಒಳಗೆ ಅವ್ವ ಆಗಲೇ ಕಣ್ಣೀರು ತೆಗೆದಳು. ನಾನು ಕೂಸನ್ನು ಎತ್ತಿಕೊಂಡು, ಬೀದರಿನಲ್ಲಿ ಯಾರಿಗೆ ಏನು ಅಂದಿದ್ದೆನೆಂದು ನೆನೆಯುತ್ತ ಬಾಗಿಲ ಮರೆಯಲ್ಲಿ ನಿಂತೆ. ಕಡೆಗೆ ಅಪ್ಪನೇ, ಹುಡುಗಿಯದು ಏನಾದರೂ ತಪ್ಪಾಗಿದೆಯೇ ಎಂದು ಕೇಳಿದ.

"ಆಕೀದಲ್ರಿ ಬೀಗರ," ಎಂದರು ಮಾವನವರು. "ತಪ್ಪು ನಂದು."

ಆಮೇಲೆ ನೆಲ ನೋಡುತ್ತಲೇ ಎಲ್ಲ ಹೇಳಿದರು. ಮೈಸೂರಿಗೆ ಸೇರಿದ ಮರುವರ್ಷ ಅವರು ಹೋರಿಗಳ ಬೀಜ ಒಡೆದು ಎತ್ತು ಮಾಡುವ ಇಕ್ಕಳ ಹಿಡಿದು ಈ ಸೀಮೆಯ ಊರೂರಿಗೆ ಬಂದಿದ್ದರು. ಕಸುವಿಲ್ಲದ ಹೋರಿಗಳಿಂದ ತಳಿ ಕೆಡಬಾರದೆಂದು ಹೊರಟ ಕೆಲಸ ಅದು. ನಿಜಾಮರ ಕಾಲದ ಈ ಉರ್ದು ಮನುಷ್ಯ ಕೆಲಸಕ್ಕೆ ಬಾರದವನು ಎಂದು ಹೊಸ ಸಾಹೇಬರು ಅಂದಾರು ಎಂಬ ಅಂಜಿಕೆ ಅವರಿಗೆ. ಎಲ್ಲರಿಗಿಂತ ಹೆಚ್ಚು ಹೋರಿಗಳ ಬೀಜ ಒಡೆದು ಶಾಬಾಸ್ ಅನ್ನಿಸಿಕೊಂಡರು.

"ಚಲೋ ಹೋರಿ ಬಿಡ್ರಿ ಅಂತ ಹುಕುಂನಾಗೇ ಇತ್ತು. ನಾ ನೋಡಲಿಲ್ಲರಿ. ನೋಡಕೋತ ಕುಂತ್ರ ಹೊತ್ತಾಗ್ತಿತ್ತು."

ಮೆಹಕರದಲ್ಲಿ ಒಬ್ಬ ಹೆಣ್ಣುಮಗಳು ಅಡ್ಡ ನಿಂತಿದ್ದಳು. ಇದು ನನ್ನ ಗಂಡನ ಹೆಸರಿನಲ್ಲಿ ಬಿಟ್ಟ ಹೋರಿ, ಇದನ್ನು ಮುಟ್ಟಬೇಡಿ ಎಂದು ಸೆರಗೊಡ್ಡಿ ಬೇಡಿದ್ದಳು. ಸತ್ತ ಹಿರಿಯರ ಹೆಸರಿನಲ್ಲಿ ಬಿಟ್ಟ ಹೋರಿಗೆ ನಮ್ಮ ಕಡೆ ಹಗ್ಗ ಕೂಡ ಹಾಕುವುದಿಲ್ಲ, ಬಸವಣ್ಣ ಎಂದು ಕೈ ಮುಗಿಯುತ್ತಾರೆ. ಮಾವನವರು ಹುಕುಂ ಎಂದು ಹೇಳಿ ಅದನ್ನು ಕೆಡವಿಸಿ ಇಕ್ಕಳ ಹಾಕಿದ್ದರು.

ಆಗ ಆಯಿ ಹೊರಗೆ ಬಂದಳು. ಅವಳ ದನಿ ಏರಲಿಲ್ಲ.

"ಲಗ್ನದಾಗ ಅಕ್ಕಿಕಾಳು ಹಾಕ್ಲಾಕ ಬಂದಾಗೇ ನಿಮ್ಮ ಗುರ್ತು ಹಿಡದೀನಿ ಬೀಗರ. ಮೊಮ್ಮಗಳ ಬಾಳು ಕೆಡಬಾರದಂತ ಬಾಯಿ ಮುಚ್ಕೊಂಡೀನಿ. ಆವಾಗ ಇಕ್ಕಳ ತಂದಿದ್ರಿ. ಈಗೇನ ತಂದೀರಿ?"

"ಬೀಜ ಕಾಯ್ದಿಡೋ ಡಬ್ಬಿ ತಂದು ಬೀದರಿನಾಗ ಇಟ್ಟೀನ್ರಿ," ಎಂದರು. ಅದನ್ನು ಹೇಳುವಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ. ಮಾವನ ಮರ್ಯಾದೆ ತವರಿನ ಅಂಗಳದಲ್ಲಿ ಹೋಗುತ್ತಿದ್ದರೆ ಸೊಸೆ ಎಲ್ಲಿ ನೋಡಬೇಕು?

ಇಕ್ಕಳ ಹಾಕಿದ ದಿನ ನಮ್ಮ ಮನೆಯ ಒಂದು ಆಕಳು ಅದೇ ಹೋರಿಯಿಂದ ಗಬ್ಬವಿತ್ತಂತೆ. ಅದರ ಕರು, ಆ ಕರುವಿನ ಕರು, ಹೀಗೆ ಉಳಿದು ಬಂದದ್ದೇ ಈಗಿನ ಹೋರಿ. ಆಯಿ ಅದನ್ನೂ ಅಜ್ಜನ ಹೆಸರಿನಲ್ಲೇ ಬಿಟ್ಟಿದ್ದಳು. ಮಾವನವರು ಈಗ ಅದನ್ನು ಬೀದರಿನ ದವಾಖಾನೆಗೆ ಕಳಿಸಿ ಎಂದು ಕೇಳುತ್ತಿದ್ದರು. ಬೀಜ ತೆಗೆದು, ಆ ಹೊತ್ತಿಗೇ ಹೆಪ್ಪುಗಟ್ಟಿಸುವ ಸಾಮಾನು ಅಲ್ಲಿಗೇ ಬರುವುದಿತ್ತು. ಹೋರಿಗೆ ವಯಸ್ಸಾಗಿದೆ, ಇದು ಹೋದರೆ ಇನ್ನಿಲ್ಲ ಎಂದರು. ಆಯಿ ಬಣವೆಯಿಂದ ಕಣಿಕೆಯ, ಅಂದರೆ ಜೋಳದ ಒಣದಂಟಿನ, ಒಂದು ಸೂಡು ಎಳೆದು ತಂದು ಅವರ ಮುಂದಿಟ್ಟಳು.

"ಹಗ್ಗ ಹಾಕಬ್ಯಾಡ್ರಿ. ಲಾರಿ ಬ್ಯಾಡ. ಕೈಯಾಗ ಕಣಿಕಿ ಹಿಡ್ಕೊಂಡು ನೀವು ಮುಂದ ನಡೀರಿ, ಅದು ನಿಮ್ಮ ಹಿಂದ ಬರ್ತದ. ದಾರ್ಯಾಗ ಯಾರರೆ ಕೇಳಿದ್ರ ಖರೇ ಹೇಳ್ರಿ."

ಹಾಗೇ ಆಯಿತು. ಕೋಟು, ಧೋತರ, ಕರಿ ಟೋಪಿಯ ಡಾಕ್ಟರು ಎದೆಗೆ ಜೋಳದ ಕಣಿಕೆಯ ಸೂಡು ಅವುಚಿಕೊಂಡು ಮೆಹಕರದಿಂದ ಭಾಲ್ಕಿಗೆ, ಭಾಲ್ಕಿಯಿಂದ ಬೀದರಿಗೆ ನಡೆದರು. ಹಿಂದೆ ಹೋರಿ, ಅದರ ಹಿಂದೆ ಅಪ್ಪ. ತಿರುಗಿ ಬಂದ ಅಪ್ಪ ದಾರಿಯ ಕಥೆಯನ್ನು ದನಿ ತಗ್ಗಿಸಿ ಹೇಳಿದ. ಊರು ಬಂದಲ್ಲೆಲ್ಲ ಜನ ನಗುತ್ತ ಸೇರುತ್ತಿದ್ದರಂತೆ. ಏನು ಡಾಕ್ಟರೇ, ದನ ಕಾಯುವ ಕೆಲಸ ಹಿಡಿದಿರಾ ಎನ್ನುತ್ತಿದ್ದರಂತೆ. ಮಾವನವರು ನಿಂತು, ನಿಮ್ಮೂರ ಚಲೋ ಹೋರಿಗಳ ಬೀಜ ಒಡೆದವನು ನಾನೇ, ಈಗ ಉಳಿದದ್ದು ಇದೊಂದು ಎಂದು ಹೇಳುತ್ತಿದ್ದರಂತೆ. ಒಂದೂರಿನಲ್ಲಿ ಒಬ್ಬ ಮುದುಕ ಗುರುತು ಹಿಡಿದು, ಬೇವಿನ ಗಿಡದ ಕೆಳಗೆ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದನಂತೆ. ಅವನ ಬೈಗುಳ ಮುಗಿಯುವವರೆಗೆ ಮಾವನವರು ತಲೆ ತಗ್ಗಿಸಿ ನಿಂತಿದ್ದರು. ಹೋರಿಯೂ ಕಣಿಕೆ ತಿನ್ನುತ್ತ ಅಲ್ಲೇ ನಿಂತಿತ್ತು.

ಹೋರಿ ಕೆಲಸ ಮುಗಿಸಿ ಹಾಗೆಯೇ ನಡೆದು ಊರಿಗೆ ಮರಳಿತು. ಬೀಜದ ಡಬ್ಬಿ ಮಾತ್ರ ನಮ್ಮ ನಡುಮನೆಯ ಮೂಲೆಗೆ ಬಂತು. ದವಾಖಾನೆಯಲ್ಲಿ ಅದನ್ನು ನೋಡಿಕೊಳ್ಳುವವರಿಲ್ಲ, ದ್ರವ ಆರಿಹೋದರೆ ಎಲ್ಲ ಹೋದಂತೆ ಎಂದು ಅವರೇ ಕೇಳಿ ತಂದಿದ್ದರು. ದಿನಾ ಬೆಳಿಗ್ಗೆ ಕಟ್ಟಿಗೆಯ ಕೋಲು ಇಳಿಸಿ, ಅದಕ್ಕೆ ಹಿಡಿದ ಬಿಳಿ ಹಿಮ ಎಲ್ಲಿಯವರೆಗೆ ಇದೆ ಎಂದು ನೋಡುವರು. ಒಂದು ಬೇಸಿಗೆ ದ್ರವ ತರುವ ಗಾಡಿ ತಡವಾಗಿ ಬಂದಾಗ, ಅವಸರದಲ್ಲಿ ಬರಿಗೈಯಲ್ಲಿ ಒಳಗಿನ ಸರಳು ಹಿಡಿದರು. ಹೆಬ್ಬೆರಳು ಸುಟ್ಟದ್ದು ಆಗಲೇ. ನನಗೋ ಓಣಿಯ ಹೆಂಗಸರ ನಾಚಿಕೆ. ತವರಿನ ಹೋರಿಯ ವೀರ್ಯ ಗಂಡನ ಮನೆಯ ಮೂಲೆಯಲ್ಲಿದೆ ಎಂದು ಯಾರಿಗೆ ಹೇಳಲಿ? ಡಬ್ಬಿಯ ಮೇಲೆ ಕೌದಿ ಹೊದಿಸಿಟ್ಟೆ. ಅವರು ನೋಡಿ ತಾವೇ ಅದನ್ನು ತೆಗೆದು ಮಡಿಚಿಟ್ಟರು.

"ಅದಕ್ಕ ಗಾಳಿ ಬೇಕವ್ವ. ಶರಮ್ ಪಡೋದಿದ್ರ ನಾ ಪಡ್ತೇನಿ, ನೀ ಯಾಕ ಪಡ್ತಿ."

ಮೆಹಕರದ ಹೋರಿ ಬಹಳ ದಿನ ಉಳಿಯಲಿಲ್ಲ. ಮಾವನವರೂ ನೌಕರಿ ಮುಗಿದ ಮೇಲೆ ಬಹಳ ವರ್ಷ ಬಾಳಲಿಲ್ಲ. ಕಡೆಯ ದಿನಗಳಲ್ಲಿ ಮಗನನ್ನು ಕರೆದು ಒಂದೇ ಮಾತು ಹೇಳಿದ್ದರು: ನನ್ನ ಹೆಸರಿನಲ್ಲಿ ಹೋರಿ ಬಿಡಬೇಡಿ. ಯಾಕೆಂದು ನಮಗೆ ಗೊತ್ತಿತ್ತು.

ಅವರು ಹೋದ ಮೇಲೆ ದವಾಖಾನೆಯವರು ಡಬ್ಬಿಯನ್ನು ಒಯ್ದು, ಅದರ ಬೀಜವನ್ನು ನಮ್ಮ ತವರಿನ ಒಂದು ಆಕಳಿಗೆ ಹಾಕಿದರು. ಹೋರಿಗರು ಹುಟ್ಟಿತು. ಬಿಳಿ ಮೈ, ಕರಿ ಮುಖ. ಅದು ಬಲಿತ ಮೇಲೆ, ಬೀಗರ ಹೆಸರಿನಲ್ಲಿ ಬಿಡೋಣ ಎಂದು ಆಯಿಯೇ ಹೇಳಿದಳು. ಅವರು ಬೇಡವೆಂದಿದ್ದರಲ್ಲ ಎಂದು ಅಪ್ಪ ಹಿಂಜರಿದ.

"ಅವರು ಬ್ಯಾಡ ಅಂದಿದ್ದು ಶರಮಿಗಿ," ಎಂದಳು ಆಯಿ. "ಅವತ್ತ ಸೆರಗೊಡ್ಡಿ ಬೇಡಿದಾಕಿ ನಾನು. ಇವತ್ತ ಬಿಡಾಕೀನೂ ನಾನೇ."

ಅದರ ಹಣೆಗೆ ವಿಭೂತಿ ಹಚ್ಚಿ, ಬೆನ್ನು ತಟ್ಟಿ ಕಳಿಸಿದಳು.

ಮುಂದಿನ ಸಲ ಮೆಹಕರಕ್ಕೆ ಹೋದಾಗ ನಾನು ಬಸ್ಸಿಳಿದು ಬರುತ್ತಿದ್ದೆ. ಓಣಿಯ ತಿರುವಿನಲ್ಲಿ ಅದು ಎದುರಾಯಿತು. ಕೊರಳಿಗೆ ಹಗ್ಗವಿಲ್ಲ. ಯಾರನ್ನೂ ನೋಡದೆ, ತಲೆ ತಗ್ಗಿಸಿಕೊಂಡು ನಿಧಾನ ಬರುತ್ತಿತ್ತು. ನಾನು ಚೀಲ ಕೆಳಗಿಟ್ಟು ಗೋಡೆಗೆ ಸರಿದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡೆ. ಬ್ಯಾಡವ್ವ ಅನ್ನಲು ಈ ಸಲ ಅವರಿರಲಿಲ್ಲ.