ಅಣ್ಣನ ಮಸಿ, ನನ್ನ ಬಣ್ಣ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ನೀರೊಲೆಗೆ ತೆಂಗಿನ ಚಿಪ್ಪು ಹಾಕಿದ್ದರು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನನಗೆ ರೇಗಿಹೋಯಿತು. ತೀರಿಕೊಂಡು ವರ್ಷಗಳಾದ ಅಣ್ಣನ ಮೇಲೆ ಈ ವಯಸ್ಸಿನಲ್ಲೂ ರೇಗುತ್ತೇನೆಂದರೆ ನೀವು ನಗಬಹುದು. ಅವನ ಜೊತೆ ಒಂದೇ ಅಡುಗೆಮನೆಯಲ್ಲಿ ನೀವು ಬಾಳಿಲ್ಲ, ಅದಕ್ಕೇ.

ಎಪ್ಪತ್ತರ ದಶಕ, ನಾವಿದ್ದದ್ದು ಗುಬ್ಬಿಯಲ್ಲಿ. ಅಣ್ಣ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಅಂಗಡಿಯ ಇಂಕಿನಲ್ಲಿ ಜೀವ ಇಲ್ಲವಂತೆ! ಚಿಪ್ಪು ಸುಟ್ಟು, ಮೇಲೆ ಮಡಕೆ ಬೋರಲು ಹಾಕಿ, ಹಿಡಿದ ಮಸಿ ಕೆರೆದು, ಜಾಲಿ ಅಂಟು ಸೇರಿಸಿ ಅರೆಯುತ್ತಿದ್ದ. ಯಾವ ಕಲ್ಲಿನಲ್ಲಿ? ನಾನು ಚಟ್ನಿ ಅರೆಯುವ ಕಲ್ಲಿನಲ್ಲಿ. ಗೋಡೆ ಕಪ್ಪು, ನನ್ನ ಸೀರೆ ಕಪ್ಪು, ನೆಂಟರಿಗೆ ಬಡಿಸಿದ ಚಟ್ನಿಯೂ ಕಪ್ಪು. ಇಷ್ಟೆಲ್ಲ ಮಾಡಿ ಬರೆಯುತ್ತಿದ್ದದ್ದು ಬರೀ ಕಪ್ಪು ಚಿತ್ರ. ನೋಡಿದವರೆಲ್ಲ ನನ್ನನ್ನೇ ಕೇಳೋರು, "ಬಣ್ಣ ಯಾವಾಗ ತುಂಬ್ತಾರವ್ವ?"

ಒಮ್ಮೆ ಬೆಂಗಳೂರಿನ ಒಂದು ಪ್ರದರ್ಶನದವರು ಚಿತ್ರ ಕಳಿಸಿ ಅಂತ ಅವನಿಗೆ ಕಾಗದ ಬರೆದರು. ಹಾಗೆ ಯಾರಾದರೂ ಕರೆದದ್ದು ಅದೇ ಮೊದಲು. ಮೂರು ಭಾನುವಾರ ಅವ್ವನನ್ನು ಎದುರು ಕೂರಿಸಿಕೊಂಡು ಅವಳ ಚಿತ್ರ ಬರೆದ. "ಶಿರಾ ಗೇಟಿನ ಸ್ಟುಡಿಯೋದಲ್ಲಿ ಗಾಜಿನ ಕಟ್ಟು ಹಾಕಿಸ್ಕೊಂಡು ಬಾರೆ" ಎಂದು ನನ್ನ ಕೈಗೆ ಕೊಟ್ಟ.

ಆಗೆಲ್ಲ ಸ್ಟುಡಿಯೋದವರು ಕಪ್ಪು-ಬಿಳುಪು ಫೋಟೋಗೆ ಕೈಯಲ್ಲೇ ಬಣ್ಣ ತುಂಬಿ, ಕಟ್ಟನ್ನೂ ಹಾಕಿ ಕೊಡುತ್ತಿದ್ದರು. ಬುದ್ಧಿವಂತೆ ನಾನು! ಬೆಂಗಳೂರಿನವರ ಮುಂದೆ ಅವ್ವ ಕರ್ರಗೆ ಕೂರುವುದು ಬೇಡ ಎಂದು, "ಲಕ್ಷಣವಾಗಿ ಬಣ್ಣ ತುಂಬಿಕೊಡಿ" ಅಂದೆ. ಎರಡು ದಿನ ಬಿಟ್ಟು ಹೋದಾಗ ಪೇಪರಿನಲ್ಲಿ ಸುತ್ತಿ ಕೊಟ್ಟದ್ದನ್ನು ಬಿಚ್ಚಿಯೂ ನೋಡದೆ ಗುಬ್ಬಿಯ ಬಸ್ಸು ಹತ್ತಿದೆ.

ಮನೆಯಲ್ಲಿ ಬಿಚ್ಚಿದರೆ ಹಸಿರು ಸೀರೆ, ಹಣೆಯಲ್ಲಿ ಕಾಸಗಲ ಕುಂಕುಮ. ಅಪ್ಪ ಹೋಗಿ ಒಂಬತ್ತು ವರ್ಷವಾಗಿತ್ತು. ಆ ಸ್ಟುಡಿಯೋದವನಿಗೆ ಏನು ಗೊತ್ತು?

"ಏನ್ ಮಾಡ್ಬುಟ್ಟೆ ಕಣೇ! ನಾಳೆ ಕಳಿಸ್ಬೇಕಿತ್ತು!" ಅಣ್ಣ ಕೂಗಾಡಿದ.

ನಾನೂ ಬಿಡಲಿಲ್ಲ. "ನೀನೇ ಬಣ್ಣ ತುಂಬಿದ್ರೆ ನಾನ್ಯಾಕೆ ತುಂಬಿಸ್ತಿದ್ದೆ?"

ಗಲಾಟೆ ಕೇಳಿ ಅವ್ವ ಬಂದಳು. ಚಿತ್ರವನ್ನು ತುಂಬ ಹೊತ್ತು ನೋಡಿದಳು. ಆಮೇಲೆ ತಪ್ಪು ಮಾಡಿದವಳ ಹಾಗೆ ಅತ್ತಿತ್ತ ನೋಡಿ, ಸೆರಗಿನ ತುದಿಯಿಂದ ಆ ಕುಂಕುಮ ಒರೆಸತೊಡಗಿದಳು. ಗಾಜಿನ ಒಳಗಿದ್ದದ್ದು ಹೋಗುವುದೆಲ್ಲಿ? ಒರೆಸುತ್ತಲೇ ಇದ್ದಳು.

ಅಣ್ಣ ಅವಳ ಕೈ ಹಿಡಿದುಕೊಂಡ. "ಇರ್ಲಿ ಬುಡವ್ವ, ಚೆನ್ನಾಗೈತೆ" ಅಂದ.

ಅವತ್ತೇ ಮೊಳೆ ಹೊಡೆದು ಅವ್ವನ ಮಂಚದ ಎದುರಿಗೆ ನೇತುಹಾಕಿದ. ಪ್ರದರ್ಶನಕ್ಕೆ ಏನೂ ಕಳಿಸಲಿಲ್ಲ. ಅವರು ಮತ್ತೆ ಕರೆಯಲೂ ಇಲ್ಲ.

ಆ ಚಿತ್ರ ಈಗ ನನ್ನ ಮನೆಯಲ್ಲಿದೆ. ಬಂದವರೆಲ್ಲ ಬಣ್ಣ ಎಷ್ಟು ಚೆನ್ನಾಗಿದೆ ಅನ್ನುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಅಲ್ಲ ಸ್ವಾಮಿ, ಬಣ್ಣ ಹಾಳಾಗಲಿ, ಆ ಮುಖದ ಒಂದೊಂದು ಗೆರೆ ನೋಡಬಾರದೇ? ಹೀಗೆ ಬೈಯಲು ನನಗೇನೂ ಹಕ್ಕಿಲ್ಲ. ಆ ಗೆರೆಗಳನ್ನು ನಾನು ಸರಿಯಾಗಿ ನೋಡಿದ್ದು ಅವನು ಹೋದ ಮೇಲೆ.